ದೊಡ್ಡ ಪ್ಲೇಟಿಗೆ ಮೂವತ್ತಮೂರು

ಮಡತ್ತುಕುಳದ ನೇಕಾರರ ಬೀದಿಯಲ್ಲಿ ಸಾವಾದರೆ ಜನ ಮೊದಲು ಓಡುತ್ತಿದ್ದದ್ದು ಲಿಂಗಸಾಮಿಯ ಮನೆಗೆ. ಹೂವು, ಬಿದಿರು, ಮಡಕೆ ಎಲ್ಲ ಆಮೇಲೆ. ‘ದೊರೆ ಪಾಟ್ಟು ಬೇಕು’ ಅಂತ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿ ಹೋದರೆ ಸಾಕು. ಪಾಟ್ಟು ಅಂದರೆ ಹಾಡು. ಅವನು ಮೈಕ್ ಸೆಟ್ಟಿನವನು. ಕಹಳೆಯಂಥ ಹಾರನ್ ಸ್ಪೀಕರನ್ನು ಕಂಬಕ್ಕೆ ಕಟ್ಟಿ, ಸತ್ತವರ ಮನೆ ಜಗುಲಿಯ ಮೇಲೆ ಪ್ಲೇಯರ್ ಇಟ್ಟು ಕಾಯುತ್ತಿದ್ದ. ಚಟ್ಟ ಹೆಗಲಿಗೇರಿದ ಕ್ಷಣಕ್ಕೆ ಮುಳ್ಳು ಪ್ಲೇಟಿನ ಮೇಲೆ ಇಳಿಯಬೇಕು. ಎಂಟು ನಿಮಿಷ. ಬೀದಿಯ ಕೊನೆಯ ಪಿಳ್ಳೆಯಾರ್ ಕಲ್ಲಿನ, ಅಂದರೆ ಗಣಪನ ಕಲ್ಲಿನ, ಹತ್ತಿರ ಚಟ್ಟ ತಿರುಗುವ ಹೊತ್ತಿಗೆ ಪಾಟ್ಟು ಮುಗಿಯಬೇಕು. ಹೊರುವವರ ಕಾಲಿಗೇ ಆ ಲೆಕ್ಕ ಗೊತ್ತಿತ್ತು.

ಅದು ನಮ್ಮ ಕಡೆಯ ಪಾಟ್ಟಲ್ಲ. ತಮಿಳಲ್ಲ, ಮನೆಯಲ್ಲಿ ಆಡುವ ಕನ್ನಡವೂ ಅಲ್ಲ, ಇಂಗ್ಲಿಷು. ಒಬ್ಬ ಗಂಡಸು ಗಂಟಲಾಳದಿಂದ ಎಳೆದೆಳೆದು ಹಾಡುತ್ತಾನೆ. ಹಿಂದೆ ಏನೋ ಒಂದು ವಾದ್ಯ ಒಂದೇ ಸಮನೆ ನರಳುತ್ತದೆ, ತಾಳ ಕಾಲೆಳೆದುಕೊಂಡು ಬರುತ್ತದೆ. ನಡುವೆ ಒಂದು ಕಡೆ ಎಲ್ಲ ನಿಂತುಬಿಟ್ಟು ದಪ್, ದಪ್, ದಪ್ ಎಂದು ಮೂರು ಏಟು ಕೇಳುತ್ತದೆ. ಆ ಜಾಗ ಬಂದಾಗ ಬೀದಿಯ ಹೆಂಗಸರು ಮೂರು ಸಲ ಎದೆ ಬಡಿದುಕೊಳ್ಳುವುದು ಯಾರೋ ಹೇಳಿಕೊಟ್ಟು ಬಂದದ್ದಲ್ಲ, ತಾನಾಗಿ ಬಂದ ರೂಢಿ. ಬಿಳಿಯನಾದರೂ ನಮ್ಮ ದುಃಖ ಅರಿತವನು, ಯಾವ ದೊರೆಯೋ ಪಾಪ, ಯಾರನ್ನು ಕಳೆದುಕೊಂಡನೋ ಎಂದು ಮುದುಕಿಯರು ಮರುಗುತ್ತಿದ್ದರು. ಮಾತು ಯಾರಿಗೂ ತಿಳಿಯದು. ತಿಳಿಯದ್ದರಿಂದಲೇ ಒಬ್ಬೊಬ್ಬರು ತಮ್ಮ ತಮ್ಮ ಮಾತನ್ನು ಅದರೊಳಗೆ ತುಂಬಿಕೊಂಡು ಅತ್ತರು. ಮೂವತ್ತಾರು ವರ್ಷ ಹೀಗೆ ನಡೆಯಿತು.

ಪ್ಲೇಟು ಬಂದದ್ದು ತಿರುಪ್ಪೂರಿನಿಂದ. ಲಿಂಗಸಾಮಿಯ ಹೆಂಡತಿ ಪಳನಿಯಮ್ಮಾಳ್. ಅವಳ ತಮ್ಮ ಅಯ್ಯಾಸಾಮಿ ಅಲ್ಲಿನ ಬನಿಯನ್ ಕಂಪನಿಯೊಂದರಲ್ಲಿ ಪ್ಯಾಕಿಂಗ್ ನೋಡಿಕೊಳ್ಳುತ್ತಿದ್ದ. ಹೊರದೇಶದ ವ್ಯಾಪಾರಿಯೊಬ್ಬ ಒಂದು ಹಾಡಿನ ಪ್ಲೇಟು ಕಳಿಸಿ, ಇದರ ಹೊರಗಿನ ರಟ್ಟಿನ ಅಟ್ಟೆಯ ಮೇಲಿರುವ ಚಿತ್ರವನ್ನು ಟೀ ಶರ್ಟಿನ ಮೇಲೆ ಅಚ್ಚು ಹಾಕಿಕೊಡಿ ಎಂದಿದ್ದನಂತೆ. ಅಟ್ಟೆಯನ್ನು ಅಚ್ಚಿನವರು ಇಟ್ಟುಕೊಂಡರು. ಪ್ಲೇಟು ಯಾರಿಗೂ ಬೇಡವಾಯಿತು. ನಡುವಿನ ದುಂಡು ಕಾಗದದ ಮೇಲೆ ಕಂಪನಿಯವರ ಸ್ಯಾಂಪಲ್ ಚೀಟಿ ಮೆತ್ತಿತ್ತು, ಹೆಸರು ಊರು ಒಂದೂ ಕಾಣದು. ಹಿಂಬದಿಯಲ್ಲಿ ಒಂದು ಹಕ್ಕಿಯ ಚಿತ್ರ, ಅಷ್ಟೇ. ಅಯ್ಯಾಸಾಮಿ ಅದನ್ನು ದಿನಪತ್ರಿಕೆಯಲ್ಲಿ ಸುತ್ತಿ ತಂದು, ಭಾವನಿಗೆ ಪ್ಲೇಟು ಅಂದರೆ ಪ್ರಾಣ ಅಂತ ಕೊಟ್ಟು ಹೋದ.

ಪ್ಲೇಟು ದೊಡ್ಡದು, ಊಟದ ತಟ್ಟೆಯಗಲ. ಇಲ್ಲಿ ಲಿಂಗಸಾಮಿಯ ವಿದ್ಯೆಯ ಬಗ್ಗೆ ಒಂದು ಮಾತು ಹೇಳಬೇಕು. ತಮಿಳು ಇಸ್ಕೂಲಿನಲ್ಲಿ ಐದನೇ ಕ್ಲಾಸು ಮುಗಿಸಿ ಮಗ್ಗದ ಗುಂಡಿಗೆ ಇಳಿಯಬೇಕಿದ್ದವನು, ಇಳಿಯದೆ ಹಾರನ್ನು ಹೊತ್ತುಕೊಂಡು ಹೋದ. ಓದಿದ್ದು ಕಡಿಮೆ, ಆದರೆ ತನ್ನ ಕಸುಬಿನಲ್ಲಿ ಮಹಾ ಪಂಡಿತ, ಪಂಡಿತನೆಂಬ ಕೊಬ್ಬೂ ಇತ್ತು. ‘ಚಿಕ್ಕ ಪ್ಲೇಟಿಗೆ ನಲವತ್ತೈದು, ದೊಡ್ಡ ಪ್ಲೇಟಿಗೆ ಮೂವತ್ತಮೂರು’ ಅನ್ನುವುದು ಅವನ ಮಂತ್ರ. ಪ್ಲೇಟು ನಿಮಿಷಕ್ಕೆ ಎಷ್ಟು ಸುತ್ತು ತಿರುಗಬೇಕು, ಪ್ಲೇಯರಿನ ಪಕ್ಕದ ಸಣ್ಣ ಗುಂಡಿಯನ್ನು ಎಷ್ಟಕ್ಕೆ ತಳ್ಳಬೇಕು ಅನ್ನುವುದರ ಮಂತ್ರ. ಸಿನಿಮಾದ ಒಂದೆರಡು ಪಾಟ್ಟಿರುವ ಚಿಕ್ಕ ಪ್ಲೇಟು ಬೇಗ ತಿರುಗುತ್ತದೆ, ಪೂರಾ ಸಿನಿಮಾ ಇರುವ ದೊಡ್ಡದು ನಿಧಾನಕ್ಕೆ ತಿರುಗುತ್ತದೆ. ಈ ಸೀಮೆಯ ಯಾವ ಸೆಟ್ಟಿನವನನ್ನು ಕೇಳಿದರೂ ಹೀಗೇ ಹೇಳುತ್ತಿದ್ದ. ದೊಡ್ಡ ಪ್ಲೇಟೊಂದು ನಲವತ್ತೈದಕ್ಕೂ ತಿರುಗಬಹುದು, ಅಷ್ಟಗಲದ ಮೇಲೆ ಒಂದೇ ಒಂದು ಹಾಡಿಡುವ ಜನ ಭೂಮಿಯ ಮೇಲೆ ಇದ್ದಾರೆ ಅಂತ ಯಾರಿಗೆ ಗೊತ್ತು! ಲಿಂಗಸಾಮಿ ಮಂತ್ರದ ಪ್ರಕಾರ ಮೂವತ್ತಮೂರಕ್ಕೆ ಇಟ್ಟ. ದೊರೆ ಅತ್ತ. ಅದೇ ವಾರ ಎದುರು ಮನೆಯ ಮುದುಕ ಸತ್ತ. ಸಾವಿಗೆ ಹಾಕುತ್ತಿದ್ದ ಎರಡೇ ಎರಡು ಸಿನಿಮಾ ಪಾಟ್ಟು ಸವೆದು ಗೊರಗೊರ ಅನ್ನುತ್ತಿದ್ದವು. ಇದನ್ನು ಹಾಕಿದ. ಬೀದಿಯೇ ಕಣ್ಣೊರೆಸಿಕೊಂಡಿತು.

ಈಗ ಮೈಕ್ ಸೆಟ್ಟಿನ ಕಾಲ ಹೋಯಿತು. ಮದುವೆಗೆ ಪೊಳ್ಳಾಚಿಯಿಂದ ಬೀರುವಿನಷ್ಟೆತ್ತರದ ಪೆಟ್ಟಿಗೆಗಳು ಬರುತ್ತವೆ, ಎದೆಗೂಡು ಅಲ್ಲಾಡುತ್ತದೆ. ಲಿಂಗಸಾಮಿಗೆ ಅರವತ್ತೆಂಟು ದಾಟಿತು. ಹಾರನ್ನುಗಳನ್ನೆಲ್ಲ ಕೊಟ್ಟುಬಿಟ್ಟು ಒಂದು ಹಾರನ್ನು, ಒಂದು ಪ್ಲೇಯರು, ಒಂದೇ ಪ್ಲೇಟು ಇಟ್ಟುಕೊಂಡಿದ್ದ. ಪೆನ್‌ಡ್ರೈವಿಗೆ ಹಾಕಿಕೊಡುತ್ತೇವೆ ಅಂದವರಿಗೆ, ಸಾವು ಅಂದ್ರೆ ಏನಂತ ತಿಳ್ಕೊಂಡಿದೀರಿ ಅಂತ ಬೈದು ಕಳಿಸಿದ್ದ.

ಆ ವರ್ಷ ಆಡಿ ತಿಂಗಳಲ್ಲಿ ಪಳನಿಯಮ್ಮಾಳಿನ ಹೊಟ್ಟೆಯೊಳಗಿನ ಗಡ್ಡೆಯನ್ನು ನೋಡಿದ ಕೊಯಮತ್ತೂರಿನ ಡಾಕ್ಟರು, ಇನ್ನು ಮನೆಯಲ್ಲೇ ಇಟ್ಟುಕೊಂಡು ಬೇಕಾದ್ದು ಮಾಡಿಕೊಡಿ ಎಂದರು. ಬೇಕಾದ್ದು ಏನು ಅಂತ ಕೇಳಿದರೆ ಆಕೆ ಏನನ್ನೂ ಹೇಳಲಿಲ್ಲ. ಕಾಲು ಶತಮಾನ ಮಗ್ಗದ ಗುಂಡಿಯಲ್ಲಿ ಕಾಲಾಡಿಸಿದ ಹೆಂಗಸು, ಮಲಗಿರುವುದೇ ಒಂದು ಹಿಂಸೆ ಅವಳಿಗೆ. ಮಂಚವನ್ನು ಮಗ್ಗದ ಕೋಣೆಗೆ ಹಾಕಿಸಿಕೊಂಡಳು. ಮಗ್ಗ ನಿಂತು ವರ್ಷಗಳಾಗಿದ್ದವು, ಗುಂಡಿಯ ಮೇಲೆ ಹಲಗೆ ಮುಚ್ಚಿತ್ತು. ನಾಲ್ಕು ದಿನ ಬಿಟ್ಟು ಒಂದು ಬೆಳಿಗ್ಗೆ ಗಂಜಿ ಕುಡಿಸುತ್ತಿದ್ದಾಗ ಹೇಳಿದಳು:

“ಮಾಮ, ನಾ ಹೋದಾಗ ಆ ಪ್ಲೇಟು ಹಾಕ್ಬೇಕು.”

ಮದುವೆಗೆ ಮುಂಚೆಯೂ ಅವನು ಅವಳಿಗೆ ಸೋದರಮಾವನೇ, ಆಮೇಲೂ ಅದೇ ಕರೆ ಉಳಿಯಿತು. ಲಿಂಗಸಾಮಿ ಗಂಜಿಯ ಬಟ್ಟಲು ಕೆಳಗಿಟ್ಟು, ಊರಿಗೆಲ್ಲ ಹಾಕಿದವನು ನಿಂಗೆ ಹಾಕ್ದೆ ಇರ್ತೀನಾ ಅಂದ. ಹೇಳಿದ್ದೇನೋ ಒರಟಾಗಿ, ಆದರೆ ಹಿತ್ತಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡ. ಅದೇ ಪ್ಲೇಟನ್ನು ಅವನು ತನ್ನ ಮಗಳಿಗೂ ಹಾಕಿದ್ದ. ಅವರಿಗೆ ಇದ್ದದ್ದು ಒಬ್ಬಳೇ, ಕಲಾ. ಏಳು ವರ್ಷಕ್ಕೆ ಮಿದುಳು ಜ್ವರ ಬಂದು ಮೂರು ದಿನದಲ್ಲಿ ಹೋದಳು. ಮಕ್ಕಳಿಗೆ ಚಟ್ಟವೂ ಇಲ್ಲ, ಪಾಟ್ಟೂ ಇಲ್ಲ ಅಂತ ಹಿರಿಯರು ಅಂದಾಗ, ಇದು ನನ್ನ ಸೆಟ್ಟು ಅಂತ ಹೇಳಿ ಹಾಕಿದ್ದ. ಎಂಟು ನಿಮಿಷ ಪ್ಲೇಟನ್ನೇ ನೋಡುತ್ತ ನಿಂತಿದ್ದ, ಬೀದಿಯ ಕಡೆ ನೋಡಿರಲಿಲ್ಲ.

ಅಜ್ಜಿಯನ್ನು ನೋಡಲು ಅಯ್ಯಾಸಾಮಿಯ ಮೊಮ್ಮಗಳು ನಿತ್ಯಾ ಬಂದಳು. ಕೊಯಮತ್ತೂರಿನಲ್ಲಿ ಕಾಲೇಜು ಓದುವ ಹುಡುಗಿ, ಕಿವಿಯಲ್ಲಿ ಸದಾ ಏನಾದರೊಂದು ಸಿಕ್ಕಿಸಿಕೊಂಡೇ ಇರುವವಳು. ದೊರೆ ಪಾಟ್ಟಿನ ಕಥೆ ಅವಳಿಗೂ ಗೊತ್ತಿತ್ತು. ಇದು ಯಾರ ಹಾಡು ತಾತ, ಹೆಸರಾದರೂ ತಿಳಿಯಬೇಡವೇ ಅಂತ ಒದ್ದೆ ಹತ್ತಿಯಿಂದ ಆ ಸ್ಯಾಂಪಲ್ ಚೀಟಿಯನ್ನು ಮೆಲ್ಲಮೆಲ್ಲಗೆ ಉಜ್ಜಿ ಎಬ್ಬಿಸಿದಳು. ಅರ್ಧ ಗಂಟೆಯ ಕೆಲಸ. ಲಿಂಗಸಾಮಿ ಪಕ್ಕದಲ್ಲೇ ಕೂತು, ಪ್ಲೇಟಿಗೆ ನೀರು ತಾಗೀತು ನೋಡ್ಕೋ ಅಂತ ಹತ್ತು ಸಲ ಹೇಳಿದ. ಚೀಟಿ ಎದ್ದಿತು. ಕೆಳಗೆ ಇಂಗ್ಲಿಷಿನ ಎರಡು ಸಾಲು, ಬಲಗಡೆ ಮೂಲೆಯಲ್ಲಿ ಒಂದು ಅಂಕಿ. ಇಂಗ್ಲಿಷು ಬರದಿದ್ದರೂ ಅಂಕಿ ಅವನಿಗೆ ಚೆನ್ನಾಗಿ ಗೊತ್ತು. ನಲವತ್ತೈದು.

ಅಚ್ಚಿನ ತಪ್ಪು ಅಂದುಕೊಂಡ. ಏನಾದರೂ ಅಂದುಕೊಳ್ಳಲೇಬೇಕಲ್ಲ.

ನಿತ್ಯಾ ಆಗಲೇ ಫೋನಿನಲ್ಲಿ ಹುಡುಕುತ್ತಿದ್ದಳು. ಸಿಕ್ಕಿತು ತಾತ ಅಂದಳು, ಒತ್ತಿದಳು. ಮಗ್ಗದ ಕೋಣೆಯೊಳಗೆ ಏನೋ ಒಂದು ಕುಣಿಯಿತು. ಮೊದಲು ಯಂತ್ರದ ತಾಳ, ಟಕಟಕ ಟಕಟಕ. ಅದರ ಮೇಲೆ ಸೀಟಿ ಹಾಕಿದಂಥ ಒಂದು ವಾದ್ಯ, ಆಮೇಲೆ ಒಬ್ಬ ಹುಡುಗಿಯ ದನಿ. ಹುಡುಗಿ! ಮೂಗಿನಲ್ಲಿ ಸ್ವಲ್ಪ ಗರ್ವ, ದನಿಯಲ್ಲಿ ಸ್ವಲ್ಪ ನಗು, ಯಾರಿಗೂ ಹೆದರದ ದನಿ. ರಾಗ ಅದೇ. ಏರುವ ಕಡೆ ಏರಿತು, ಇಳಿಯುವ ಕಡೆ ಇಳಿಯಿತು. ಆದರೆ ಅಳು ಎಲ್ಲಿ? ಲಿಂಗಸಾಮಿ ಫೋನನ್ನು ಹಾವು ನೋಡಿದ ಹಾಗೆ ನೋಡಿದ.

ನಿತ್ಯಾ ಒಂದೇ ಉಸಿರಿನಲ್ಲಿ ಹೇಳುತ್ತ ಹೋದಳು. ನಲವತ್ತು ವರ್ಷದ ಹಿಂದೆ ಅಲ್ಲಿನ ಹುಡುಗ ಹುಡುಗಿಯರು ಇದಕ್ಕೆ ಕುಣಿದು ಚಪ್ಪಲಿ ಸವೆಸಿದ್ದರಂತೆ, ಕುಣಿಯುವುದಕ್ಕೆಂದೇ ದೊಡ್ಡ ಪ್ಲೇಟಿನ ಮೇಲೆ ಉದ್ದ ಮಾಡಿ ಅಚ್ಚು ಹಾಕುತ್ತಿದ್ದರಂತೆ, ಈಗಲೂ ಜನ ಹುಡುಕಿಕೊಂಡು ಬಂದು ಕೇಳುತ್ತಾರಂತೆ. ಎಷ್ಟು ಕಡಿಮೆ ವಾದ್ಯ ನೋಡಿ ತಾತ, ಮೂರೋ ನಾಕೋ, ಒಂದಕ್ಕೊಂದು ಅಡ್ಡ ಬರುವುದೇ ಇಲ್ಲ, ಅದಕ್ಕೇ ಇಷ್ಟು ಹಗುರ ಅಂದಳು. ಅರ್ಥವನ್ನೂ ಹೇಳಿದಳು. ಒಬ್ಬ ಹುಡುಗಿಗೆ ಊರಿಗೆ ಹೋಗುವ ಕೊನೇ ಬಸ್ಸು ತಪ್ಪಿಹೋಗುತ್ತದೆ. ಹೋದರೆ ಹೋಗಲಿ ಬಿಡು, ಕಾಲಿದೆ, ನಡೆದೇ ಹೋಗುತ್ತೇನೆ, ನೀನು ಕಾಯಬೇಡ ಅನ್ನುತ್ತಾಳೆ. ಅಷ್ಟೇ ಹಾಡು. ನಡುವೆ ಎಲ್ಲ ನಿಂತು ಮೂರು ಏಟು ಬರುವ ಜಾಗ ಬಂತು. ಅದು ಎದೆ ಬಡಿತವಲ್ಲ. ಚಪ್ಪಾಳೆ. ಚಟ್ ಚಟ್ ಚಟ್.

“ನಿಲ್ಸು ಅದನ್ನ” ಅಂದ ಲಿಂಗಸಾಮಿ. ಫೋನಿನಲ್ಲಿ ಎಲ್ಲವನ್ನೂ ಓಡಿಸಿಬಿಡುತ್ತಾರೆ, ಈ ಕಾಲದವರಿಗೆ ಕಾಯುವ ತಾಳ್ಮೆ ಎಲ್ಲಿದೆ, ಯಾವನೋ ವೇಗ ಹೆಚ್ಚಿಸಿ ಹಾಕಿದ್ದಾನೆ ಅಂತ ಅವನ ವಾದ. ದೊಡ್ಡ ಪ್ಲೇಟಿಗೆ ಮೂವತ್ತಮೂರೇ. ನಿತ್ಯಾ ಲೇಬಲ್ಲಿನ ಅಂಕಿಯ ಮೇಲೆ ಬೆರಳಿಟ್ಟು ತೋರಿಸಿದಳು. ಅವನು ಅದನ್ನೂ ಒಪ್ಪಲಿಲ್ಲ.

ಆಗ ಮಂಚದಿಂದ ಪಳನಿಯಮ್ಮಾಳಿನ ದನಿ ಬಂತು.

“ಫೋನು ಸರಿ, ಮಾಮ.”

ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವಳು ಈ ಕಡೆ ತಿರುಗಿದ್ದಳು. ನಿತ್ಯಾಗೆ, ಹೋಗಿ ಕಾಪಿ ಮಾಡು ಕಣಮ್ಮ ಅಂತ ಹೇಳಿ ಕಳಿಸಿದಳು. ಆಮೇಲೆ ಮೆಲ್ಲಗೆ, ನಡುನಡುವೆ ಉಸಿರು ತೆಗೆದುಕೊಳ್ಳುತ್ತ ಹೇಳಿದಳು.

ಅವನು ಮದುವೆ, ಕಿವಿ ಚುಚ್ಚುವುದು, ಮೈನೆರೆದ ಹುಡುಗಿಗೆ ಮಾಡುವ ಸೀರು ಅಂತ ಸೆಟ್ಟು ಹೊತ್ತು ಊರೂರು ತಿರುಗುತ್ತಿದ್ದ ಕಾಲ. ಮನೆಯಲ್ಲಿ ಹಳೆಯ ಪ್ಲೇಯರೊಂದು ಇರುತ್ತಿತ್ತು, ದೊರೆಯ ಪ್ಲೇಟೂ ಇರುತ್ತಿತ್ತು. ಮದುವೆಗೆ ಅದನ್ನು ಯಾರು ಒಯ್ಯುತ್ತಾರೆ? ಒಂದು ದಿನ ಕಲಾ ಅದನ್ನು ಹಾಕು ಅಂತ ಹಟ ಮಾಡಿದಳು. ಹಾಕಿದರೆ, ಸ್ವಲ್ಪ ಹೊತ್ತು ಕೇಳಿ, ಪ್ಲೇಯರಿನ ಗುಂಡಿಯ ಮೇಲೆ ಕೈಯಿಟ್ಟಳು.

“ಪಾಟ್ಟು ನಿದ್ದೆ ಮಾಡ್ತೈತೆ ಅಮ್ಮ, ಎಬ್ಬಿಸ್ತೀನಿ ಅಂದ್ಳು. ಎಬ್ಬಿಸಿಬಿಟ್ಳು.”

ಅಂದಿನಿಂದ ಅದು ತಾಯಿ ಮಗಳ ಗುಟ್ಟಾಯಿತು. ಗಂಡ ಸೆಟ್ಟು ಹೊತ್ತು ಹೊರಟ ದಿನವೆಲ್ಲ ಬಾಗಿಲು ಹಾಕಿಕೊಂಡು ನಲವತ್ತೈದಕ್ಕೆ ಇಡುವರು. ಪಳನಿಯಮ್ಮಾಳ್ ಮಗ್ಗದ ಗುಂಡಿಯೊಳಗೆ ಕೂತು ಆ ತಾಳಕ್ಕೆ ಸರಿಯಾಗಿ ಮಗ್ಗ ತುಳಿಯುವಳು, ಲಾಳಿ ಆ ಕಡೆಗೂ ಈ ಕಡೆಗೂ ಓಡುವುದು. ಕಲಾ ಮಗ್ಗದ ಮುಂದಿನ ಕೆಂಪು ನೆಲದ ಮೇಲೆ ಕುಣಿಯುವಳು. ಆ ಮೂರು ವರ್ಷ ತಾನು ನೇಯ್ದ ಸೀರೆಯೆಲ್ಲ ಆ ಪಾಟ್ಟಿಗೇ ನೇಯ್ದದ್ದು ಎಂದಳು. ಯಾರು ಉಟ್ಟರೋ, ಎಲ್ಲಿದ್ದಾರೋ.

ಹೇಗೆ ಕುಣಿಯುತ್ತಿದ್ದಳು ಅಂತ ಲಿಂಗಸಾಮಿ ಕೇಳಲಿಲ್ಲ. ಕೇಳಬೇಕು ಅನಿಸಿತ್ತು. ಕೇಳದಿದ್ದರೂ ಅವಳು ತೋರಿಸಿದಳು. ಏಳಲಾರಳು, ಹೊದಿಕೆಯ ಮೇಲೆ ಎರಡು ಬೆರಳನ್ನು ಕಾಲಿನಂತೆ ನಿಲ್ಲಿಸಿ, ಅತ್ತ ಎರಡು ಹೆಜ್ಜೆ, ಇತ್ತ ಎರಡು ಹೆಜ್ಜೆ ಹಾಕಿಸಿದಳು. ಆಮೇಲೆ ಬೆರಳು ನಿಂತವು. “ಇಲ್ಲಿ ಎಲ್ಲಾ ನಿಲ್ತದಲ್ಲ. ಇವಳೂ ನಿಲ್ಲೋಳು. ನನ್ನ ಮುಖ ನೋಡೋಳು. ಮೂರು ಚಪ್ಪಾಳೆ, ಒಂದು ನೆಗೆತ.” ಬೆರಳು ಹೊದಿಕೆಯಿಂದ ಒಂದಿಷ್ಟು ಮೇಲೆ ಹಾರಿ ಬಿದ್ದವು. ಅವಳು ನಕ್ಕಳು. ಎಷ್ಟೋ ತಿಂಗಳ ಮೇಲೆ ನಕ್ಕದ್ದು.

ಲಿಂಗಸಾಮಿಗೆ ನಗು ಬರಲಿಲ್ಲ. ಊರವರ ಮನೆಯ ಸುಖಕ್ಕೆಲ್ಲ ಪಾಟ್ಟು ಹಾಕಿದವನು, ತನ್ನ ಮಗಳು ಕುಣಿದದ್ದನ್ನು ಒಂದು ದಿನವೂ ಕಂಡಿರಲಿಲ್ಲ. ಅವಳು ಕುಣಿಯುತ್ತಿದ್ದಳು ಅನ್ನುವುದೇ ಗೊತ್ತಿರಲಿಲ್ಲ. ಆ ದುಃಖ ದುಃಖವಾಗಿ ಬಂದಿದ್ದರೆ ಒಳ್ಳೆಯದಿತ್ತು. ಗಂಡಸಿನ ಬುದ್ಧಿ ನೋಡಿ, ಸಿಟ್ಟಾಗಿ ಬಂತು.

“ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?”

“ಹೇಳೋಣ ಅಂತಾನೇ ಇದ್ದೆ. ಅವತ್ತು ನೀವು ಉಡುಮಲೈನಲ್ಲಿ ಗೋವಿಂದಸಾಮಿಯ ಮಾನ ಕಳೆದು ಬಂದ್ರಿ.”

ಅದು ನಿಜ. ಗೋವಿಂದಸಾಮಿ ಪಕ್ಕದ ಬೀದಿಯವನು, ಇವನ ಹಾಗೆಯೇ ಸೆಟ್ಟಿನವನು, ಒಳ್ಳೆಯ ಗೆಳೆಯ. ಉಡುಮಲೈನ ಒಂದು ಮದುವೆಯಲ್ಲಿ ಇಬ್ಬರೂ ಒಂದೊಂದು ಕಡೆ ಸೆಟ್ಟು ಹಾಕಿದ್ದರು. ಮಾಲೆ ಬದಲಿಸುವ ಹೊತ್ತಿಗೆ ಗೋವಿಂದಸಾಮಿ ಅವಸರದಲ್ಲಿ ಚಿಕ್ಕ ಪ್ಲೇಟನ್ನು ಮೂವತ್ತಮೂರಕ್ಕೆ ಇಟ್ಟುಬಿಟ್ಟ. ಮದುಮಗಳ ಪಾಟ್ಟು ಎಮ್ಮೆ ಕೂಗಿದ ಹಾಗೆ ಬಂತು. ಲಿಂಗಸಾಮಿ ತನ್ನ ಮೈಕು ಎತ್ತಿಕೊಂಡು, ಸಾವಿರ ಜನರ ಮುಂದೆ, ಸ್ಪೀಡು ಗೊತ್ತಿಲ್ಲದವನು ಸೆಟ್ಟು ಹಾಕಬಾರದು, ಹೋಗಿ ಎಮ್ಮೆ ಕಾಯಬೇಕು ಅಂದ. ಜನ ಬಿದ್ದು ಬಿದ್ದು ನಕ್ಕರು. ಗೋವಿಂದಸಾಮಿ ಆ ವರ್ಷವೇ ಸೆಟ್ಟು ಬಿಟ್ಟು ಕುರಿಚಿಯ ಫೌಂಡ್ರಿಯೊಂದಕ್ಕೆ ಕೆಲಸಕ್ಕೆ ಹೋದ. ವಯಸ್ಸಾಗಿ ತಿರುಗಿ ಬಂದರೂ ಇವನ ಜೊತೆ ಮಾತಿಲ್ಲ.

“ಅಂಥಾ ಮನುಷ್ಯನಿಗೆ, ನಿಮ್ಮದೂ ತಪ್ಪು ಅಂತ ಹೆಂಗೆ ಹೇಳ್ಲಿ? ಆಮೇಲೆ ಪಾಪ್ಪಾ ಹೋದ್ಳು. ನೀವು ಅವಳಿಗೂ ಹಂಗೇ ಹಾಕಿದ್ರಿ. ಊರೆಲ್ಲಾ ಅದನ್ನ ಅಳೋದಕ್ಕೆ ಇಟ್ಕೊಂಡಿತ್ತು. ಅವರ ಅಳು ನಾನು ಕಿತ್ಕೊಳ್ಳಲಾ?” ಮತ್ತೆ ಅಂದಳು: “ನಂಗೆ ಮಾತ್ರ ಪಾಪ್ಪಾ ಎಬ್ಬಿಸಿದ ಹಂಗೆ ಹಾಕಿ ಮಾಮ. ನಂಗೆ ಆ ಅಳು ಬೇಡ. ಮೂವತ್ತಮೂರು ವರ್ಷ ಕೇಳಾಯ್ತು.”

ಲಿಂಗಸಾಮಿ ಎದ್ದು ಹೊರಗೆ ಹೋದ. ಬಸ್ ಸ್ಟ್ಯಾಂಡಿನ ಹುಣಸೆ ಮರದ ಕೆಳಗೆ ಸಂಜೆಯವರೆಗೆ ಕೂತ. ಊರಿಗೆ ಊರೇ ಸೇರಿದ ಸಾವಿನಲ್ಲಿ ಆ ಕುಣಿತ ಹಾಕಿದರೆ ಏನಂದಾರು? ಹೆಂಡತಿ ಸತ್ತರೆ ಮುದುಕನಿಗೆ ಹಬ್ಬ ಅಂದಾರು. ಅದು ಹಾಳಾಗಲಿ, ದೊರೆ ಪಾಟ್ಟೇ ಇದು ಅಂತ ಗುರುತು ಹಿಡಿಯದೆ ಬಿಟ್ಟಾರೆಯೇ? ಲಿಂಗಸಾಮಿಗೆ ಸ್ಪೀಡು ಗೊತ್ತಿರಲಿಲ್ಲ ಅಂತ ಬೀದಿಯ ಪ್ರತಿ ಜಗುಲಿಯಲ್ಲೂ ಆಡುತ್ತಾರೆ. ಗೋವಿಂದಸಾಮಿಯ ಕಿವಿಗೂ ಬೀಳುತ್ತದೆ. ಇಷ್ಟು ಸಾವಿಗೆ, ಇಷ್ಟು ಮನೆಯ ಮುಂದೆ, ತಪ್ಪು ಹಾಕಿದೆನಲ್ಲ ಅಂತ ನೆನೆದರೆ ಮೈ ಬಿಸಿಯಾಗುತ್ತಿತ್ತು. ಕಸುಬು ಒಂದೇ ಅವನ ಹತ್ತಿರ ಇದ್ದದ್ದು.

ನಾಲ್ಕು ದಿನ ಹೆಂಡತಿಯ ಜೊತೆ ನೇರ ಮಾತಾಡಲಿಲ್ಲ. ಮಾತ್ರೆ ಕೊಡು, ನೀರು ಕೊಡು ಅಂತ ಎಲ್ಲ ನಿತ್ಯಾಳ ಮೂಲಕವೇ. ಇಷ್ಟು ವಯಸ್ಸಾಗಿ, ಸಾಯುವ ಹೆಂಗಸಿನ ಮೇಲೆ ಮುನಿಸು! ಅವನಿಗೇ ನಾಚಿಕೆಯಾಗುತ್ತಿತ್ತು, ಆದರೆ ಬಾಯಿ ಬರುತ್ತಿರಲಿಲ್ಲ.

ಐದನೆಯ ದಿನ ಬೆಳಿಗ್ಗೆ ಪಳನಿಯಮ್ಮಾಳಿನ ಕಣ್ಣು ತಿಳಿಯಾಗಿತ್ತು. ಅವನು ಬಾಗಿಲಲ್ಲಿ ಹಾದು ಹೋಗುತ್ತಿದ್ದಾಗ ಕರೆದಳು.

“ಒಂದ್ಸಲ ಹಾಕ್ತೀರಾ? ಈಗ. ಬಾಗಿಲು ಹಾಕ್ಕೊಂಡು.”

“ಬೆಲ್ಟು ಹೋಗೈತೆ” ಅಂದ ಲಿಂಗಸಾಮಿ.

ಬೆಲ್ಟು ಹೋಗಿರಲಿಲ್ಲ. ಪ್ಲೇಯರಿನ ಒಳಗೆ ಗಾಲಿ ತಿರುಗಿಸುವ ರಬ್ಬರ್ ಪಟ್ಟಿ ಅದು, ಹೋದ ವರ್ಷವಷ್ಟೇ ಬದಲಿಸಿದ್ದ. ಅವಳು ಸರಿ ಅಂದಳು. ಸುಳ್ಳು ಅಂತ ಗೊತ್ತಾಯಿತೋ ಇಲ್ಲವೋ, ಮತ್ತೆ ಕೇಳಲಿಲ್ಲ. ಆ ‘ಸರಿ’ ಅವನನ್ನು ಹೊಸಲು ದಾಟಲು ಬಿಡಲಿಲ್ಲ. ಪಡಸಾಲೆಯಲ್ಲಿ ಒಂದು ಗಳಿಗೆ ನಿಂತ. ಪೊಳ್ಳಾಚಿಗೆ ಹೋಗಿ ಬೆಲ್ಟು ತರ್ತೀನಿ ಅಂತ ಗಟ್ಟಿಯಾಗಿ ನಿತ್ಯಾಗೆ ಹೇಳಿದ, ಮಂಚಕ್ಕೆ ಕೇಳಲಿ ಅಂತ. ತಂದಮೇಲೆ ಸುಳ್ಳು ಸುಳ್ಳಾಗಿ ಉಳಿಯುವುದಿಲ್ಲ ಅನ್ನುವುದು ಅವನ ಲೆಕ್ಕ. ಮುಳ್ಳನ್ನೂ ಹೊಸದು ಹಾಕಿಬಿಡೋಣ, ಹಾಕಿದರೆ ಸರಿಯಾಗಿ ಕೇಳಬೇಕು.

ಪೊಳ್ಳಾಚಿಯಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಒಬ್ಬನೇ ಒಬ್ಬ ಹಳೇ ರೇಡಿಯೋ ರಿಪೇರಿಯವನು ಉಳಿದಿದ್ದ. ಡ್ರಾಯರುಗಳನ್ನೆಲ್ಲ ಬಗ್ಗಿ ಬಗ್ಗಿ ಹುಡುಕಿ ಬೆಲ್ಟೊಂದನ್ನೂ ಮುಳ್ಳೊಂದನ್ನೂ ಕೊಡುವಷ್ಟರಲ್ಲಿ ಮಧ್ಯಾಹ್ನವಾಯಿತು. ತಿರುಗಿ ಬರುವ ಬಸ್ಸಿನಲ್ಲಿ ಕಿಟಕಿಯ ಹತ್ತಿರ ಜಾಗ ಸಿಕ್ಕಿತು. ತೆಂಗಿನ ತೋಟಗಳು ಹಿಂದೆ ಹೋಗುತ್ತಿದ್ದವು. ಸುಮ್ಮನೆ ಕೂತವನ ಬೆರಳು ಮುಂದಿನ ಸೀಟಿನ ಕಂಬಿಯ ಮೇಲೆ ಟಕಟಕ ಅನ್ನುತ್ತಿತ್ತು. ಫೋನಿನಲ್ಲಿ ಒಂದೇ ಸಲ ಕೇಳಿದ್ದು, ಆದರೂ ಕಿವಿಯಲ್ಲಿ ಪೂರ್ತಿ ಕೂತಿತ್ತು. ಕಸುಬಿನವನ ಕಿವಿ. ಆ ಹುಡುಗಿಯ ಗರ್ವದ ದನಿ, ಸೀಟಿ ಹಾಕುವ ವಾದ್ಯ, ತಾಳದ ಕೆಳಗೆ ಮೆಲ್ಲಗೆ ನಡೆಯುವ ದಪ್ಪ ತಂತಿ. ಎಂಥಾ ಪಾಟ್ಟು ಅಂದುಕೊಂಡ. ಎಂಥಾ ಪಾಟ್ಟನ್ನ ಮಲಗಿಸಿ ಇಟ್ಟಿದ್ದೆ. ಮೂರು ಚಪ್ಪಾಳೆಯ ಜಾಗ ಬಂದಾಗ ಎರಡು ಜಡೆಯ ಒಂದು ಮಗು ತನ್ನ ಕಡೆ ತಿರುಗಿ ನಿಂತ ಹಾಗಾಗಿ ಕಿಟಕಿಯ ಆಚೆ ಮುಖ ಮಾಡಿ ಅತ್ತ. ಮನೆಗೆ ಹೋದ ತಕ್ಷಣ ಏನು ಹೇಳಬೇಕು ಅಂತ ಮಾತು ಜೋಡಿಸಿಕೊಂಡ. ಹಾಕ್ತೀನಿ ಪಳನಿ, ಅವಳು ಹೆಂಗೆ ಕುಣೀತಿದ್ಳು ಇನ್ನೊಂದ್ಸಲ ತೋರ್ಸು. ಅಷ್ಟೇ, ಕ್ಷಮಿಸು ಗಿಮಿಸು ಅವನಿಗೆ ಬಾರದು.

ಬೀದಿಗೆ ತಿರುಗಿದಾಗ ಮನೆಯ ಮುಂದೆ ಚಪ್ಪಲಿಗಳು ಕಂಡವು. ಹತ್ತು ಹನ್ನೆರಡು ಜೊತೆ, ಹೇಗೆಂದರೆ ಹಾಗೆ ಬಿಟ್ಟವು. ಅಷ್ಟು ಸಾವು ಕಂಡವನಿಗೆ ಇನ್ನೇನೂ ಯಾರೂ ಹೇಳಬೇಕಾಗಿರಲಿಲ್ಲ. ನಿತ್ಯಾ ಬಾಗಿಲಲ್ಲಿ ಅಳುತ್ತ ನಿಂತಿದ್ದಳು. ಹನ್ನೆರಡೂವರೆಗೆ, ತಾತ. ನೀರು ಕೇಳಿದ್ರು, ತರೋದ್ರೊಳಗೆ. ಲಿಂಗಸಾಮಿ ಜೇಬಿನಲ್ಲಿದ್ದ ಬೆಲ್ಟನ್ನು ಹಿಡಿದುಕೊಂಡೇ ಒಳಗೆ ಹೋದ.

ಮಾರನೆಯ ದಿನ ಹತ್ತು ಗಂಟೆಗೆ ಎತ್ತುವುದೆಂದಾಯಿತು. ಬೆಳಿಗ್ಗೆಯಿಂದ ಹಾರನ್ನನ್ನು ತಾನೇ ಕಟ್ಟಿದ, ಯಾರನ್ನೂ ಮುಟ್ಟಗೊಡಲಿಲ್ಲ. ಜಗುಲಿಯ ಮೇಲೆ ಪ್ಲೇಯರ್ ಇಟ್ಟ, ಹೊಸ ಬೆಲ್ಟು ಹಾಕಿದ, ಹೊಸ ಮುಳ್ಳು ಹಾಕಿದ. ಬೀದಿ ತುಂಬಿತ್ತು. ತಿರುಪ್ಪೂರಿನಿಂದ ಅಯ್ಯಾಸಾಮಿ ಬಂದಿದ್ದ. ಎದುರು ಮನೆಯ ಜಗುಲಿಯಲ್ಲಿ, ಕಂಬಕ್ಕೆ ಒರಗಿ, ಬಿಳಿಗಡ್ಡದ ಗೋವಿಂದಸಾಮಿ ಕೂತಿದ್ದ. ಮಾತಿಲ್ಲದಿದ್ದರೂ ಸಾವಿಗೆ ಬರುವುದು ಬರುವುದೇ.

ಲಿಂಗಸಾಮಿಯ ಬೆರಳು ಸ್ಪೀಡಿನ ಗುಂಡಿಯ ಮೇಲಿತ್ತು. ಅದು ಮೂವತ್ತಮೂರರಲ್ಲಿತ್ತು. ಹಾಗೇ ಬಿಟ್ಟರೆ ಯಾರಿಗೂ ಏನೂ ಗೊತ್ತಾಗದು. ಗೊತ್ತಿದ್ದವರು ಮೂವರು. ಒಬ್ಬಳು ಆವತ್ತೇ ಹೋದಳು, ಇನ್ನೊಬ್ಬಳು ಹೂವಿನ ಕೆಳಗೆ ಮಲಗಿದ್ದಾಳೆ, ನಿತ್ಯಾ ಸುಮ್ಮನಿರು ಅಂದರೆ ಸುಮ್ಮನಿರುತ್ತಾಳೆ. ಗಂಡುಮಗನಿಲ್ಲದ ಮನೆ, ಲಿಂಗಸಾಮಿಯ ಅಣ್ಣನ ಮಗ ಬೆಂಕಿಯ ಮಡಕೆ ಹಿಡಿದು ಮುಂದೆ ನಿಂತ. ನಾಲ್ವರು ಚಟ್ಟಕ್ಕೆ ಬಗ್ಗಿದರು. ಹೆಂಗಸರು ಎದ್ದು ಸಾಲಾಗಿ ನಿಂತರು, ಪಾಟ್ಟಿಗೆ ಕಾದು.

ಅವನು ಮೈಕು ತೆಗೆದುಕೊಂಡ. ಜೀವಮಾನವಿಡೀ ಮೈಕಿನಲ್ಲಿ ತಮಿಳನ್ನೇ ಆಡಿದವನು. ಆ ದಿನ ಮನೆಯ ಮಾತು ಕನ್ನಡವೇ ಬಂತು.

“ಮೂವತ್ತಾರು ವರ್ಷ ನಾನು ಈ ಪ್ಲೇಟನ್ನ ತಪ್ಪು ಸ್ಪೀಡಲ್ಲಿ ಹಾಕ್ದೆ. ನಿಮ್ಮೆಲ್ಲರ ಮನೆ ಸಾವಿಗೂ ತಪ್ಪೇ ಹಾಕ್ದೆ. ನನ್ನ ಮಗಳಿಗೆ ಗೊತ್ತಿತ್ತು. ಇವಳಿಗೂ ಗೊತ್ತಿತ್ತು. ಇವತ್ತು ಸರಿ ಹಾಕ್ತೀನಿ.” ಎದುರು ಜಗುಲಿಯ ಕಡೆ ನೋಡಿದ. “ಗೋವಿಂದಸಾಮಿ, ಎಮ್ಮೆ ಕಾಯಬೇಕಾದವನು ನಾನು.”

ಗುಂಡಿಯನ್ನು ನಲವತ್ತೈದಕ್ಕೆ ತಳ್ಳಿ ಮುಳ್ಳು ಇಳಿಸಿದ.

ಹಾರನ್ನಿನಿಂದ ಆ ಹುಡುಗಿಯ ದನಿ ಬೀದಿಗೆ ಬಿತ್ತು. ಹೊರುವವರು ಒಂದು ಹೆಜ್ಜೆ ತಪ್ಪಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಮತ್ತೆ ನಡೆದರು. ತಮ್ಮ ಹಳೆಯ ಲೆಕ್ಕದಲ್ಲೇ, ನಿಧಾನಕ್ಕೆ. ಒಬ್ಬ ಮುದುಕ ಥೂ ಅಂದು ಎದ್ದು ಹೋದ. ಹೆಂಗಸರಲ್ಲಿ ಗುಸುಗುಸು ಎದ್ದಿತು. ಆಮೇಲೆ ರಾಗದ ಗುರುತು ಸಿಕ್ಕಿತೋ ಏನೋ, ಒಬ್ಬೊಬ್ಬರಾಗಿ ಸುಮ್ಮನಾದರು. ನಿಂತ ಮಗ್ಗ ಮತ್ತೆ ಆಡಿದ ಹಾಗೆ ಆ ತಾಳ ಟಕಟಕ ಅನ್ನುತ್ತ ಹೋಯಿತು.

ಎಲ್ಲ ನಿಲ್ಲುವ ಜಾಗ ಬಂತು. ಲಿಂಗಸಾಮಿ ಎರಡು ಕೈಯನ್ನೂ ಎತ್ತಿದ. ಆ ಮೂರು ಚಪ್ಪಾಳೆಯನ್ನು ಮಗಳ ಹಾಗೆ, ಮಗಳಿಗೆ, ಅವಳ ತಾಯಿಗೆ ಹೊಡೆಯಬೇಕು ಅಂತ ರಾತ್ರಿಯೇ ಎಣಿಸಿಕೊಂಡಿದ್ದ. ಆದರೆ ಮೂವತ್ತಾರು ವರ್ಷದ ರೂಢಿ ಕೈಯಲ್ಲಿತ್ತು. ಕೈ ಆ ಹಳೆಯ ನಿಧಾನಕ್ಕೇ ಬಂತು. ಒಂದು ಹೊಡೆಯುವಷ್ಟರಲ್ಲಿ ಮೂರೂ ಮುಗಿದು ಪಾಟ್ಟು ಮುಂದೆ ಹೋಗಿಬಿಟ್ಟಿತ್ತು. ಎದೆ ಬಡಿದುಕೊಳ್ಳಲು ಕೈಯೆತ್ತಿದ ಹೆಂಗಸರ ಕೈಯೂ ಎದೆಯ ಮುಂದೆ ಹಾಗೇ ನಿಂತಿತು.

ಆರು ನಿಮಿಷಕ್ಕೆ ಪಾಟ್ಟು ಮುಗಿಯಿತು. ಚಟ್ಟ ಇನ್ನೂ ಬೀದಿಯಲ್ಲೇ ಇತ್ತು, ಪಿಳ್ಳೆಯಾರ್ ಕಲ್ಲಿಗೆ ಇನ್ನೂ ಹತ್ತು ಹನ್ನೆರಡು ಮನೆ. ಅಂಥ ಮೌನ ಆ ಬೀದಿಯ ಯಾವ ಸಾವಿನಲ್ಲೂ ಆಗಿರಲಿಲ್ಲ. ಹೊರುವವರು ನಡುದಾರಿಯಲ್ಲಿ ನಿಂತು ತಿರುಗಿ ನೋಡಿದರು. ಲಿಂಗಸಾಮಿ ಮುಳ್ಳಿನ ತೋಳನ್ನು ಹಿಡಿಯಲು ಹೋದ, ಬೆರಳಿಗೆ ಸಿಗಲಿಲ್ಲ. ಇನ್ನೊಂದು ಸಲ ಹೋದ. ಆಗ ಪಕ್ಕದಿಂದ ಫೌಂಡ್ರಿಯ ಸುಟ್ಟ ಕಲೆಗಳಿದ್ದ ಒಂದು ಕೈ ಬಂದು, ತೋಳನ್ನು ಎತ್ತಿ, ಮೊದಲ ಗೀರಿನ ಮೇಲೆ ಸದ್ದಾಗದಂತೆ ಇಳಿಸಿತು. ಗೋವಿಂದಸಾಮಿ ಸ್ಪೀಡಿನ ಗುಂಡಿಯನ್ನು ಮುಟ್ಟಲಿಲ್ಲ.

ಹುಡುಗಿ ಮತ್ತೆ ಮೊದಲಿನಿಂದ ಹಾಡಿದಳು. ಬಸ್ಸು ಹೋದರೆ ಹೋಗಲಿ, ನೀನು ಕಾಯಬೇಡ. ಎಲ್ಲ ನಿಂತ ಜಾಗದಲ್ಲಿ ಲಿಂಗಸಾಮಿ ಈ ಸಲ ಕಾಯಲಿಲ್ಲ, ಹೊಡೆದ. ಮೂರೂ ಸರಿಯಾಗಿ ಬಿದ್ದವು. ತಲೆಯೆತ್ತಿ ನೋಡಿದಾಗ ಚಟ್ಟ ಕಲ್ಲು ದಾಟಿ ತಿರುಗಿ ಹೋಗಿತ್ತು. ಬೀದಿ ಖಾಲಿಯಿತ್ತು.